ಪೌಡರ್ ಡಬ್ಬಿಯೊಳಗಿನ ಚಿಮಟ

ನಾನೊಂದು ಚಿಮಟ. ಉಕ್ಕಿನ ಎರಡು ತೆಳುಪಟ್ಟಿಗಳನ್ನು ಒಂದು ತುದಿಯಲ್ಲಿ ಬೆಸೆದು, ಇನ್ನೊಂದು ತುದಿಯನ್ನು ಸೂಜಿಮೊನೆಯಷ್ಟು ಚೂಪಾಗಿ ಅರೆದರೆ ನನ್ನ ದೇಹ ಮುಗಿಯಿತು. ಒತ್ತಿದರೆ ಬಾಯಿ ಮುಚ್ಚುತ್ತೇನೆ, ಬಿಟ್ಟರೆ ತೆರೆಯುತ್ತೇನೆ. ಇದಕ್ಕಿಂತ ಹೆಚ್ಚಿನ ವಿದ್ಯೆ ನನಗೆ ಬರುವುದಿಲ್ಲ.

ಸಾಣೆಕಲ್ಲಿನ ಕಿಡಿಗಳ ನಡುವೆ, ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನನ್ನನ್ನು ಅರೆದ ಮನುಷ್ಯ ಕೊನೆಗೆ ತನ್ನ ಮುಂಗೈಯ ಕೂದಲೊಂದನ್ನು ನನ್ನಿಂದ ಹಿಡಿದು ಎಳೆದು ನೋಡಿದ. ಬುಡಸಮೇತ ಬಂತು. ಅವನು ತಲೆಯಾಡಿಸಿ ನನ್ನನ್ನು ರಾಶಿಗೆ ಎಸೆದ. ಆ ಕೂದಲನ್ನು ನಾನು ಬೇಗ ಮರೆತೆ, ಏಕೆಂದರೆ ನನ್ನನ್ನು ಕೊಂಡವರು ಚಿನ್ನದ ಕೆಲಸದವರು.

ಹಳೇ ಹುಬ್ಬಳ್ಳಿಯ ಗಂಗಾಧರಪ್ಪ ಪತ್ತಾರರು ಬೆಂಡೋಲೆ, ಮೂಗುತಿ ಮಾಡುವುದರಲ್ಲಿ ಹೆಸರಾದವರು. ರಸ್ತೆಗೆ ತೆರೆದ ಕಟ್ಟೆಯ ಮೇಲೆ, ಬೆಳಗಿನ ಬಿಸಿಲು ಬೀಳುವ ಕಡೆ ಅವರ ಕೂರುಮಣೆ. ಅವರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ನಾನು. ಸಾಸಿವೆಯಷ್ಟು ಚಿನ್ನದ ಗುಂಡು, ಬಿಳಿಗಾರ ಹಚ್ಚಿದ ಬೆಸುಗೆಯ ಚೂರು, ಕೆಂಪು ಹರಳು, ಯಾವುದನ್ನೂ ನಾನು ಜಾರಿಸಿದವನಲ್ಲ. ಗಿರಾಕಿಗಳು ಬಂದು ಬಗ್ಗಿ ನೋಡುತ್ತಿದ್ದರು. ಎಲ್ಲರಿಗೂ ಕಾಣುವ ಜಾಗದಲ್ಲಿ, ಎಲ್ಲರಿಗೂ ಗೊತ್ತಿರುವ ಕೆಲಸ ಮಾಡುವುದು ಎಷ್ಟು ದೊಡ್ಡ ಸುಖವೆಂದು ಆಗ ನನಗೆ ತಿಳಿದಿರಲಿಲ್ಲ.

ಆ ಸುಖ ಒಂದು ಮಧ್ಯಾಹ್ನ ಮುಗಿಯಿತು. ಪತ್ತಾರರು ಊಟಕ್ಕೆ ಎದ್ದಿದ್ದರು. ಅವರ ಒಬ್ಬಳೇ ಮಗಳು ರೋಹಿಣಿ, ಹತ್ತನೇ ಇಯತ್ತೆಯ ಹುಡುಗಿ, ಕಟ್ಟೆಗೆ ಬಂದು ಅತ್ತಿತ್ತ ನೋಡಿ ನನ್ನನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಆ ಅಂಗೈ ಬೆವರಿತ್ತು. ಮುಂದಿನ ಕ್ಷಣ ನಾನು ಬಚ್ಚಲುಮನೆಯಲ್ಲಿದ್ದೆ. ಬಾಗಿಲಿಗೆ ಚಿಲಕ ಬಿತ್ತು. ಕೈಗನ್ನಡಿ ಕಿಟಕಿಯ ಕಟ್ಟೆಯ ಮೇಲೆ ನಿಂತಿತು. ಅವಳ ಗದ್ದದ ಕೆಳಗೆ ಗಟ್ಟಿಯಾದ, ಕಪ್ಪನೆಯ ಒಂದಿಷ್ಟು ಕೂದಲುಗಳಿದ್ದವು. ಅವಳು ಉಸಿರು ಬಿಗಿಹಿಡಿದು ಮೊದಲನೆಯದನ್ನು ಎಳೆದಳು. ಕಣ್ಣಲ್ಲಿ ನೀರು ಬಂತು. ಎರಡನೆಯದನ್ನು ಎಳೆದಳು.

ಪತ್ತಾರರು ನನಗಾಗಿ ಮನೆಯೆಲ್ಲ ಹುಡುಕಿದರು. "ರೋಹಿಣೀ, ನನ್ನ ಚಿಮಟ ಏನರ ನೋಡೀಯೇನವಾ?" ಎಂದು ಅವರು ಕೇಳಿದ್ದು ನನಗೆ ಕೇಳಿಸಿತು. "ಇಲ್ಲಪ್ಪಾ" ಎಂದಳು. ಆ ಹೊತ್ತಿಗೆ ನಾನು ಖಾಲಿಯಾದ ಪೌಡರ್ ಡಬ್ಬಿಯೊಂದರಲ್ಲಿ, ಒಂದು ಹಳೆಯ ಕರವಸ್ತ್ರದೊಳಗೆ ಮಲಗಿದ್ದೆ. ಪತ್ತಾರರು ಹೊಸ ಚಿಮಟ ಕೊಂಡು ತಂದರು. ನನ್ನನ್ನು ಮರೆತರು.

ಡಬ್ಬಿಯೊಳಗೆ ಗುಲಾಬಿ ಪೌಡರಿನ ವಾಸನೆ, ಮತ್ತೆ ಕತ್ತಲೆ. ದಿನಕ್ಕೊಮ್ಮೆ ಮುಚ್ಚಳ ತೆರೆಯುತ್ತಿತ್ತು. ತೆರೆದಾಗ ಕಾಣುವುದೂ ಒಂದೇ: ಚಿಲಕ ಹಾಕಿದ ಬಾಗಿಲು, ಕೈಗನ್ನಡಿ, ಮೇಲೆತ್ತಿದ ಗದ್ದ. ಮೊದಮೊದಲು ಬೆರಳೆಣಿಕೆಯಷ್ಟಿದ್ದ ಕೂದಲು ವರ್ಷ ಕಳೆದಂತೆ ದವಡೆಯ ಎರಡೂ ಬದಿಗೆ ಹಬ್ಬಿತು. ನಾನು ಎಳೆದಷ್ಟೂ ಅವು ಮತ್ತೆ ಬರುತ್ತಿದ್ದವು. ಕೆಲವು ಚರ್ಮದೊಳಗೇ ಸುರುಳಿ ಸುತ್ತಿಕೊಂಡು ಗುಳ್ಳೆಯಾಗುತ್ತಿದ್ದವು. ಅವನ್ನು ಹೊರತೆಗೆಯಲು ಅವಳು ನನ್ನ ಮೊನೆಯಿಂದ ಚರ್ಮವನ್ನೇ ಕೆದಕುತ್ತಿದ್ದಳು. ರಕ್ತ ಬರುತ್ತಿತ್ತು, ಕಲೆ ಉಳಿಯುತ್ತಿತ್ತು. ಚಿನ್ನ ಮುಟ್ಟಿದ ಬಾಯಿಂದ ಆ ಕೆಲಸ ಮಾಡುವುದು ನನಗೆ ಒಪ್ಪಿಗೆಯಿರಲಿಲ್ಲ. ಆದರೆ ಒತ್ತಿದರೆ ಬಾಯಿ ಮುಚ್ಚುವುದು ನನ್ನ ಹುಟ್ಟುಗುಣ.

"ಎಷ್ಟೊತ್ತವಾ ಜಳಕಾ? ನೀರು ಆರಿ ಹ್ವಾದ್ವು!" ಎಂದು ಅವಳ ತಾಯಿ ಇಂದ್ರವ್ವ ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು. ರೋಹಿಣಿ ಸುಮ್ಮನೆ ಒಂದು ತಂಬಿಗೆ ನೀರನ್ನು ನೆಲಕ್ಕೆ ಸುರಿದು ಸಪ್ಪಳ ಮಾಡುತ್ತಿದ್ದಳು.

ಅವಳು ಹೋದಲ್ಲೆಲ್ಲ ನಾನೂ ಹೋದೆ. ಕಿವುಡ ಮಕ್ಕಳಿಗೆ ಕಲಿಸುವ ತರಬೇತಿಗೆಂದು ಹಾಸ್ಟೆಲ್ ಸೇರಿದಾಗ ಅವಳು ಎಲ್ಲರಿಗಿಂತ ಮೊದಲು ಏಳುತ್ತಿದ್ದಳು. ಗೆಳತಿಯರು ಪ್ರವಾಸಕ್ಕೆ ಕರೆದರೆ ಜ್ವರ ಎನ್ನುತ್ತಿದ್ದಳು. ಕಿಟಕಿಯ ಪಕ್ಕ ಕೂರುತ್ತಿರಲಿಲ್ಲ, ಯಾರಾದರೂ ಪಕ್ಕದಲ್ಲಿ ಕೂತರೆ ಕೈಯನ್ನು ಗದ್ದಕ್ಕೆ ಆನಿಸಿಕೊಂಡು ಯೋಚನೆ ಮಾಡುವವಳಂತೆ ಕಾಣುತ್ತಿದ್ದಳು. ಎಲ್ಲರೂ ಅವಳನ್ನು ಗಂಭೀರ ಸ್ವಭಾವದವಳು ಎಂದುಕೊಂಡರು. ಡಬ್ಬಿಯಲ್ಲಿ ನಾನು ಸಿಕ್ಕಿಬಿದ್ದಿದ್ದೆ, ಆ ಗಂಭೀರ ಮುಖದ ಹಿಂದೆ ಅವಳು. ನಮ್ಮಿಬ್ಬರಲ್ಲಿ ಯಾರ ಡಬ್ಬಿ ಚಿಕ್ಕದೆಂದು ಹೇಳುವುದು ಕಷ್ಟವಿತ್ತು.

ಆಮೇಲೆ ಅವಳು ಹುಬ್ಬಳ್ಳಿಯಲ್ಲೇ ಒಂದು ಕಿವುಡ ಮಕ್ಕಳ ಶಾಲೆಗೆ ಮಾತು ಕಲಿಸುವ ಶಿಕ್ಷಕಿಯಾಗಿ ಸೇರಿದಳು. ಮಕ್ಕಳು ಅವಳನ್ನು ಸನ್ನೆಯಲ್ಲಿ ಕರೆಯುತ್ತಿದ್ದರು, ದೊಡ್ಡವರು 'ಅಕ್ಕೋರು' ಎನ್ನುತ್ತಿದ್ದರು. ನಾನು ಅವಳ ಕೈಚೀಲದ ಹೊರಜೇಬಿನಲ್ಲಿರುತ್ತಿದ್ದೆ. ಡಬ್ಬಿ ತೆರೆಯುವಷ್ಟೂ ಪುರುಸೊತ್ತಿಲ್ಲದ ದಿನಗಳಿಗೆಂದು ಅವಳು ನನ್ನನ್ನು ಅಲ್ಲಿ ಸಿಕ್ಕಿಸಿಕೊಂಡಿದ್ದಳು. ಜೇಬಿನ ಅಂಚಿನಿಂದ ನನ್ನ ತಲೆ ಸ್ವಲ್ಪ ಹೊರಗೆ ಚಾಚಿರುತ್ತಿತ್ತು. ಅಲ್ಲಿಂದ ನನಗೆ ತರಗತಿ ಕಾಣುತ್ತಿತ್ತು.

ಕಿವುಡ ಮಕ್ಕಳ ಶಾಲೆಯಲ್ಲಿ ಶಿಕ್ಷಕಿಯ ಮುಖವೇ ಕರಿಹಲಗೆ. ಮಕ್ಕಳು ದಿನವಿಡೀ ಅವಳ ತುಟಿಗಳನ್ನೇ ನೋಡುತ್ತಿದ್ದರು. ಇಷ್ಟು ಕಣ್ಣುಗಳು ಒಂದು ಗದ್ದದ ಮೇಲೆ! ಆದರೂ ರೋಹಿಣಿ ದೂರ ನಿಂತು ಹೇಗೋ ಸಂಭಾಳಿಸುತ್ತಿದ್ದಳು. ಕೊರೊನಾ ಬಂದ ಮೇಲೆ ಅವಳಿಗೆ ಒಂದು ಮಾಸ್ಕ್ ಸಿಕ್ಕಿತು. ಕೊರೊನಾ ಹೋಯಿತು, ಬೇರೆಯವರ ಮಾಸ್ಕುಗಳೂ ಹೋದವು. ಅವಳದು ಉಳಿಯಿತು. "ಧೂಳಿನ ಅಲರ್ಜಿ ಐತ್ರಿ" ಎನ್ನುತ್ತಿದ್ದಳು. ಮಕ್ಕಳಿಗೆ ಸನ್ನೆಯಲ್ಲಿ, ಚಿತ್ರದಲ್ಲಿ ಕಲಿಸುತ್ತಿದ್ದಳು. ಬಾಯಿ ತೋರಿಸಲೇಬೇಕಾದಾಗ ಮಾಸ್ಕ್ ಅನ್ನು ಗದ್ದಕ್ಕೆ ಇಳಿಸುತ್ತಿದ್ದಳೇ ಹೊರತು ತೆಗೆಯುತ್ತಿರಲಿಲ್ಲ.

ಆ ತರಗತಿಯಲ್ಲಿ ಮುಬೀನಾ ಎಂಬ ಪುಟ್ಟ ಹುಡುಗಿಯಿದ್ದಳು. ಅವಳಪ್ಪ ಲಾರಿ ಗ್ಯಾರೇಜಿನಲ್ಲಿ ಕೆಲಸ ಮಾಡುವವನು. ಎರಡು ಕಿವಿಗೂ ಯಂತ್ರ ಹಾಕಿದ್ದರೂ ಅವಳಿಗೆ ಕೇಳುತ್ತಿದ್ದುದು ಅಷ್ಟಕ್ಕಷ್ಟೆ. ಅವಳಿಗೆ ತನ್ನ ಹೆಸರು ಹೇಳುವ ಆಸೆ. ಎದೆಯ ಮೇಲೆ ಕೈಯಿಟ್ಟುಕೊಂಡು "ಪುಪೀ..." ಎನ್ನುತ್ತಿದ್ದಳು. ಪ, ಬ, ಮ ಈ ಮೂರಕ್ಕೂ ತುಟಿ ಒಂದೇ ರೀತಿ ಕೂಡಿ ಬಿಡುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮಗು ಕೈಯಿಟ್ಟು ನೋಡಬೇಕು. ಮೂಗಿನ ಪಕ್ಕ ಬೆರಳು, ಗದ್ದದ ಕೆಳಗೆ ಹೆಬ್ಬೆರಳು ಇಟ್ಟರೆ 'ಮ' ಎಂದಾಗ ಮೂಗು ಗುಂಯ್ಗುಡುವುದು, 'ಬ' ಎಂದಾಗ ಗಂಟಲು ನಡುಗುವುದು ಕೈಗೆ ತಿಳಿಯುತ್ತದೆ. ಎಲ್ಲ ಶಿಕ್ಷಕಿಯರೂ ಹಾಗೆಯೇ ಕಲಿಸುತ್ತಿದ್ದರು. ರೋಹಿಣಿ ಮಾತ್ರ ತನ್ನ ಬಾಯಿಯ ಮುಂದೆ ಬಲೂನು ಹಿಡಿಸಿ, ಅದರ ನಡುಕದಿಂದ ಕಲಿಸುತ್ತಿದ್ದಳು.

ಬಲೂನಿನಿಂದ ಮುಬೀನಾಳಿಗೆ ಸಮಾಧಾನವಾಗಲಿಲ್ಲ. ಒಂದು ದಿನ ರೋಹಿಣಿ ಬಗ್ಗಿ ಅವಳ ಪಾಟಿಯ ಮೇಲೆ ಏನನ್ನೋ ತಿದ್ದುತ್ತಿದ್ದಳು. ಮಗು ಸಟ್ಟನೆ ಕೈಚಾಚಿ ಮಾಸ್ಕಿನ ಕೆಳಗೆ ಬೆರಳು ತೂರಿಸಿ ಗದ್ದ ಮುಟ್ಟಿತು. ರೋಹಿಣಿ ಬೆಂಕಿ ತಾಗಿದವಳಂತೆ ಆ ಕೈಯನ್ನು ತಳ್ಳಿಬಿಟ್ಟಳು. ತಳ್ಳಿದ ರಭಸಕ್ಕೆ ಮಗುವಿನ ಮೊಣಕೈ ಬೆಂಚಿಗೆ ಬಡಿಯಿತು. ಮುಬೀನಾ ಅಳಲಿಲ್ಲ. ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ನೆಲ ನೋಡುತ್ತ ನಿಂತಳು. ಅಂದಿನಿಂದ ಅವಳು ಯಾರ ಮುಖವನ್ನೂ ಮುಟ್ಟಲು ಒಪ್ಪಲಿಲ್ಲ. ಪಕ್ಕದ ತರಗತಿಯ ಶಿಕ್ಷಕಿ ಕೈಹಿಡಿದು ತನ್ನ ಕೆನ್ನೆಗೆ ಇಟ್ಟುಕೊಂಡರೂ ಕೊಸರಿಕೊಳ್ಳುತ್ತಿದ್ದಳು. ಹೆಸರು ಹೇಳುವುದನ್ನೂ ಬಿಟ್ಟಳು.

ಕೈ ತಳ್ಳಿದ ದಿನದ ಸಂಜೆ ರೋಹಿಣಿ ಮನೆಗೆ ಬಂದವಳೇ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತಳು. ಇಂದ್ರವ್ವ ರೊಟ್ಟಿ ಬಡಿಯುತ್ತಿದ್ದರು.

"ಅವ್ವಾ, ಒಂದು ಮಾತು ಹೇಳ್ಬೇಕು."

"ಹೇಳವಾ."

ರೋಹಿಣಿ ಚೀಲದಿಂದ ನನ್ನನ್ನು ತೆಗೆದು ತಾಯಿಯ ಮುಂದೆ ಇಟ್ಟಳು. ಇಂದ್ರವ್ವ ಹಿಟ್ಟಿನ ಕೈಯಿಂದಲೇ ನನ್ನನ್ನು ಎತ್ತಿ ನೋಡಿ, ಕೆಳಗಿಟ್ಟರು.

"ಗೊತ್ತೈತಿ ನನಗ," ಎಂದರು. "ಬಚ್ಚಲದಾಗ ಬಿದ್ದ ಕೂದಲಾ ಯಾರು ಬಳೀತಿದ್ರಂತ ತಿಳಿದಿ? ನೀನ ಬಾಯಿ ಬಿಟ್ಟು ಹೇಳ್ಲಿ ಅಂತ ಸುಮ್ಕಿದ್ದೆ."

"ನೀನರ ಕೇಳ್ಬೇಕಿತ್ತಿಲ್ಲೋ!"

"ಕೇಳಿದ್ರ ನಿನಗ ಇನ್ನಷ್ಟು ನಾಚಿಕಿ ಆಕ್ಕಿತ್ತು ಅಂತ..." ಇಂದ್ರವ್ವನ ದನಿ ತಗ್ಗಿತು. "ತಪ್ಪಾತೇಳು. ನಿಮ್ಮಪ್ಪನ ಅವ್ವಗೂ ಹಿಂಗ ಇತ್ತು. ಬೂದಿ ಹಚ್ಚಿ ತಿಕ್ಕೋತಿದ್ಲು ಪಾಪ. ಸಾಯೂತನಕ ಸೆರಗಿನಾಗ ಮಾರಿ ಮುಚ್ಚಿಕೊಂಡ ಇದ್ಲು. ನಿನಗ ಅದು ಬ್ಯಾಡ. ದವಾಖಾನಿಗೆ ಹೋಗೂಣು."

ಹೀಗೆ ನಾನು ಡಾಕ್ಟರ್ ಮೃಣಾಲಿನಿ ಕುಲಕರ್ಣಿ ಎಂಬ ಚರ್ಮವೈದ್ಯೆಯ ಮೇಜಿನ ಮೇಲೆ ಬಿದ್ದೆ. ಮಧ್ಯವಯಸ್ಸಿನ, ಕನ್ನಡಕದ ಹೆಂಗಸು. ರೋಹಿಣಿ ಅಂಜುತ್ತ ಮಾಸ್ಕ್ ತೆಗೆದಳು. ನನ್ನ ಹೊರತು ಬೇರೊಬ್ಬರು ಅಷ್ಟು ಹತ್ತಿರದಿಂದ ಆ ಗದ್ದವನ್ನು ನೋಡಿದ್ದು ಅದೇ ಮೊದಲು. ಡಾಕ್ಟರ್ ಮುಖ ಸಿಂಡರಿಸಲಿಲ್ಲ. ದೀಪ ಹತ್ತಿರ ಎಳೆದುಕೊಂಡು, ಮುಟ್ಟಿ ನೋಡಿದರು.

"ತಿಂಗಳದ್ದು ಸರಿಯಾಗಿ ಆಗ್ತೇತೇನು?"

"ಇಲ್ರಿ. ಎರಡು ಮೂರು ತಿಂಗಳಿಗೊಮ್ಮೆ."

"ಹಂಗಾರ ಮೊದಲ ರಕ್ತ ತಪಾಸಣಿ, ಸ್ಕ್ಯಾನಿಂಗ್ ಆಗ್ಲಿ. ಪಿಸಿಓಡಿ ಇರಬಹುದು. ಒಳಗಿನ ಹಾರ್ಮೋನು ಏರುಪೇರಾದ್ರ ಹೊರಗ ಎಷ್ಟು ಲೇಸರ್ ಮಾಡಿದ್ರೂ ಹೊಸ ಕೂದಲಾ ಬರತಾನ ಇರತಾವ. ಎರಡೂ ಕೂಡೇ ನೋಡಬೇಕು."

"ಲೇಸರ್ ಮಾಡಿದ್ರ ಪೂರ್ತಿ ಹೋಗ್ತಾವೇನ್ರಿ?"

"ಪೂರ್ತಿ ಹೋಗ್ತಾವ ಅಂತ ಹೇಳಿದ್ರ ಸುಳ್ಳ ಆಕ್ಕೇತಿ. ಬಾಳ ಕಡಿಮಿ ಆಗ್ತಾವ, ಉಳಿದಾವು ತೆಳ್ಳಗ ಆಗ್ತಾವ. ಒಂದ ಸಲಕ್ಕ ಆಗೂದಲ್ಲ. ಕೂದಲಾ ಎಲ್ಲಾ ಒಮ್ಮೆಲೆ ಬೆಳೆಯೂದಿಲ್ಲ ನೋಡು, ಕೆಲವು ಮಲಗಿರ್ತಾವ. ಎದ್ದಾವಷ್ಟ ಲೇಸರಿಗೆ ಸಿಗ್ತಾವ. ಮಲಗಿದ್ದು ಎದ್ದ ಮ್ಯಾಲೆ ಮತ್ತ ಬರಬೇಕು. ತಿಂಗಳ, ಒಂದೂವರಿ ತಿಂಗಳಿಗೊಮ್ಮೆ. ಆಮ್ಯಾಲೂ ವರ್ಷಕ್ಕ ಒಂದೆರಡು ಸಲ ಬೇಕಾಗಬಹುದು." ಹಾಗೆಂದು ಅವರು ನನ್ನ ಕಡೆ ನೋಡಿದರು. "ಇದ ಏನು, ಇದರಿಂದ ಕೀಳ್ತಿಯೇನು?"

"ಹೌದ್ರಿ."

"ಇವತ್ತಿಂದ ಇದನ್ನ ಬಿಡಬೇಕು."

ರೋಹಿಣಿ ನಂಬಲಾಗದವಳಂತೆ ನೋಡಿದಳು. ಡಾಕ್ಟರ್ ಒಂದು ಹಾಳೆಯ ಮೇಲೆ ಚರ್ಮದ ಗೆರೆ, ಅದರೊಳಗೆ ಇಳಿದ ಒಂದು ಬೇರನ್ನು ಬಿಡಿಸಿದರು. "ಲೇಸರ್ ಅಂದ್ರ ಬೆಳಕು. ಬೇರಿನಾಗ ಇರೋ ಕಪ್ಪು ಬಣ್ಣಾನ ಅದಕ್ಕ ದಾರಿ. ಆ ಕಪ್ಪನ್ನ ಹುಡುಕ್ಕೊಂಡು ಹೋಗಿ ಬೇರನ್ನ ಸುಡತೈತಿ. ನೀ ಬೇರನ ಕಿತ್ತು ಒಗೆದ್ರ ಬೆಳಕು ಎಲ್ಲಿಗೆ ಹೋಗಬೇಕು? ಕೀಳಬಾರದು, ದಾರದಿಂದ ತಗೀಬಾರದು, ವ್ಯಾಕ್ಸ್ ಮಾಡಬಾರದು. ಬಂದ್ರ ಬೋಳಿಸ್ಕೋ."

"ಗಂಡಸರಂಗ ದಾಡಿ ಮಾಡ್ಕೋಬೇಕೇನ್ರಿ?" ರೋಹಿಣಿಯ ಕಣ್ಣು ತುಂಬಿದವು. "ಬೋಳಿಸಿದ್ರ ದಪ್ಪ ಬರ್ತಾವಂತಾರಲ್ರಿ."

"ಅದು ಮಂದಿ ಮಾತು. ತುದಿ ಮೊಂಡ ಆಗಿರ್ತೈತಿ, ಅದಕ್ಕ ಕೈಗೆ ದಪ್ಪ ಅನಸ್ತೈತಿ. ಬೇರು ಇದ್ದಂಗ ಇರ್ತೈತಿ."

ಕಪ್ಪು ಬಣ್ಣವನ್ನು ಹುಡುಕುವ ಬೆಳಕು ಕಂದು ಚರ್ಮವನ್ನೂ ಸುಡಬಹುದು, ಅದಕ್ಕೇ ಅವಳ ಬಣ್ಣಕ್ಕೆ ಒಗ್ಗುವ ಯಂತ್ರವೇ ಬೇಕು, ಮೊದಲು ಒಂದು ಚೂರು ಜಾಗದಲ್ಲಿ ಮಾಡಿ ನೋಡಬೇಕು, ಬಿಸಿಲಿಗೆ ಮುಖ ಒಡ್ಡಬಾರದು ಎಂದೆಲ್ಲ ಡಾಕ್ಟರ್ ತಿಳಿಸಿದರು. ನಾನು ಮೇಜಿನ ಮೇಲೆ ಬಿದ್ದುಕೊಂಡು ಕೇಳುತ್ತಿದ್ದೆ. ಇಷ್ಟು ವರ್ಷ ದಿನಾ ಮಾಡಿದ ಕೆಲಸವೇ ಅವಳಿಗೆ ಅಡ್ಡಿಯಾಗಿದೆಯೆಂದು ನನ್ನ ಮುಂದೆಯೇ ಹೇಳಿದ್ದರು.

ರೋಹಿಣಿ ಮನೆಗೆ ಹೋಗಿ ನನ್ನನ್ನು ಬಿಸಾಡಲಿಲ್ಲ. ಮತ್ತೆ ಚೀಲದ ಹೊರಜೇಬಿಗೇ ಸೇರಿಸಿದಳು. ಬಿಡುವುದು ಅಷ್ಟು ಸುಲಭವಾಗಿರಲಿಲ್ಲ.

ಮುಂದಿನ ವಾರಗಳು ಅವಳಿಗೆ ಎಲ್ಲಕ್ಕಿಂತ ಕಷ್ಟದವು. ಬಚ್ಚಲುಮನೆಯಲ್ಲಿ ನನ್ನ ಜಾಗಕ್ಕೆ ಒಂದು ರೇಜರ್ ಬಂತು. ಮೊದಲ ದಿನ ಅವಳು ಅದನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳಂತೆ. ಇಂದ್ರವ್ವ ಒಳಗೆ ಹೋಗಿ, ಮಗಳ ಗದ್ದಕ್ಕೆ ತಾವೇ ಸೋಪು ಹಚ್ಚಿ, "ಅಲುಗಬ್ಯಾಡ" ಎಂದು ಬೋಳಿಸಿದರಂತೆ. ಇದೆಲ್ಲ ನನಗೆ ತಿಳಿದದ್ದು ಅವರಿಬ್ಬರ ಮಾತಿನಿಂದ. ಬೋಳಿಸಿದ ಗದ್ದ ಸಂಜೆಯ ಹೊತ್ತಿಗೆ ನೀಲಿಗಟ್ಟಿ ತರಿತರಿಯಾಗುತ್ತಿತ್ತು. ಶಾಲೆಯಲ್ಲಿ ಮಾಸ್ಕ್ ಈಗ ಕ್ಷಣವೂ ಇಳಿಯುತ್ತಿರಲಿಲ್ಲ. ಊಟದ ಹೊತ್ತಿಗೆ ಅವಳು ಸಾಮಾನಿನ ಕೋಣೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ತಿನ್ನುತ್ತಿದ್ದಳು. ಚೀಲದ ಜೇಬಿಗೆ ಅವಳ ಕೈ ತಾನಾಗಿ ಬರುತ್ತಿತ್ತು. ನನ್ನನ್ನು ಮುಟ್ಟುತ್ತಿತ್ತು, ಹಿಂದೆ ಹೋಗುತ್ತಿತ್ತು.

ಮೊದಲ ಲೇಸರ್ ದಿನ ಚೀಲವನ್ನು ಕುರ್ಚಿಯ ಮೇಲಿಟ್ಟರು. ಕಿಟಕಿಯಿಲ್ಲದ ಸಣ್ಣ ಕೋಣೆ. ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ಯಂತ್ರ, ಅದರಿಂದ ಆನೆಯ ಸೊಂಡಿಲಿನಂಥ ಒಂದು ಕೊಳವೆ, ಕೊಳವೆಯ ತುದಿಗೆ ಹಿಡಿಕೆ. ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ್ದರಿಂದ ಅದಕ್ಕೂ ಆ ಕೋಣೆ ಬಿಟ್ಟು ಹೋಗುವ ದಾರಿಯಿರಲಿಲ್ಲ. ರೋಹಿಣಿಯ ಕಣ್ಣಿಗೆ ಗಟ್ಟಿ ಕಪ್ಪು ಕನ್ನಡಕ ಹಾಕಿ, ಗದ್ದಕ್ಕೆ ತಣ್ಣನೆಯ ಜೆಲ್ ಬಳಿದರು.

"ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂಗ ಚುರ್ ಅನ್ನತೈತಿ," ಎಂದರು ಡಾಕ್ಟರ್. "ತಡಕೊಳ್ಳಾಕ ಆಗ್ಲಿಲ್ಲಂದ್ರ ಕೈ ಎತ್ತು. ನಿಲ್ಲಸ್ತೀನಿ."

ಟಿಕ್. ರೋಹಿಣಿಯ ಕಾಲ್ಬೆರಳು ಮಡಚಿಕೊಂಡವು. ಟಿಕ್, ಟಿಕ್. ಹೊಸ್ತಿಲ ದೀಪಕ್ಕೆ ಕೂದಲು ತಾಗಿದಾಗ ಬರುವಂಥ ಕಮಟು ವಾಸನೆ ಎದ್ದಿತು. ಅವಳು ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದಳು, ಕೈ ಎತ್ತಲಿಲ್ಲ. ನಾನು ಒಂದೊಂದಾಗಿ ಎಳೆದು ವರ್ಷಗಟ್ಟಲೆ ಮುಗಿಸಲಾಗದ್ದನ್ನು ಆ ಬೆಳಕು ಮುಟ್ಟಿ ಮುಟ್ಟಿ ಹೋಗುತ್ತಿತ್ತು. ಚಹಾ ಕುಡಿಯುವಷ್ಟು ಹೊತ್ತಿಗೆ ಎಲ್ಲ ಮುಗಿಯಿತು. ಚರ್ಮ ಕೆಂಪಾಗಿ, ಪ್ರತಿ ಕೂದಲಿನ ಬುಡವೂ ಸೊಳ್ಳೆ ಕಚ್ಚಿದಂತೆ ಉಬ್ಬಿತ್ತು. ಐಸ್ ಇಟ್ಟರು, ಕ್ರೀಮು ಹಚ್ಚಿದರು. ಮನೆಗೆ ಹೋಗುವಷ್ಟರಲ್ಲಿ ಉಬ್ಬು ಇಳಿಯಿತು.

ಆದರೆ ಕೂದಲು ಹೋಗಿರಲಿಲ್ಲ! ರೋಹಿಣಿ ಕನ್ನಡಿಯ ಮುಂದೆ ಕುಸಿದಳು. ಫೋನು ಮಾಡಿದಾಗ ಡಾಕ್ಟರ್ ನಕ್ಕರು. "ಸತ್ತ ಕೂದಲಾ ಹೊರಗ ಬರಾಕ ಹತ್ತು ಹದಿನೈದು ದಿವಸ ಬೇಕು. ಬೆಳದಂಗ ಕಾಣತಾವ, ಹೆದರಬ್ಯಾಡ. ಉದುರ್ತಾವ." ಹಾಗೆಯೇ ಆಯಿತು. ಮುಖ ತೊಳೆಯುವಾಗ ಒರಟು ಮೆಣಸಿನಪುಡಿಯಂತೆ ಉದುರಿದವು. ಒಂದೆರಡು ವಾರ ಅವಳ ಗದ್ದ ಅವಳೇ ಮರೆತಿದ್ದ ಗದ್ದದಂತಿತ್ತು. ಆ ಮೇಲೆ ಮಲಗಿದ್ದವು ಎದ್ದು ಬಂದವು.

ಎರಡನೆಯ ಸಲಕ್ಕೆ ಇನ್ನು ಕೆಲವೇ ದಿನ ಇತ್ತು. ಅವಳ ಚಿಕ್ಕಪ್ಪನ ಮಗಳಿಗೆ ಕುಬಸದ ಕಾರ್ಯ. ಬಸುರಿಗೆ ಆರತಿ ಎತ್ತಲು ಮನೆತುಂಬ ಹೆಂಗಸರು ಸೇರುವ ಸಮಾರಂಭ. ಬೆಳಿಗ್ಗೆ ರೋಹಿಣಿ ಬೋಳಿಸಿಕೊಂಡಳು. ಬಿಸಿಲು ಏರುವಷ್ಟರಲ್ಲಿ ಕೈಯಾಡಿಸಿದರೆ ಮತ್ತೆ ತರಿತರಿ. ಮಾಸ್ಕ್ ಹಾಕಿಕೊಂಡು ಆರತಿ ಎತ್ತಿದರೆ ಎಲ್ಲರೂ ಕೇಳುತ್ತಾರೆ. ಅವಳು ಬಾಗಿಲಿಗೆ ಚಿಲಕ ಹಾಕಿದಳು. ಜೇಬಿನಿಂದ ನನ್ನನ್ನು ತೆಗೆದಳು. ಎಡಗಡೆಯ ದವಡೆಯಿಂದ ಗದ್ದದ ನಡುವಿನವರೆಗೂ ಕಿತ್ತಳು. ಎಷ್ಟು ಬೇಗ ಬೇಗ ಕಿತ್ತಳೆಂದರೆ ನನ್ನ ಮೊನೆಗಳು ಬಿಸಿಯಾದವು. ನಡುವೆ ಒಮ್ಮೆಲೇ ನಿಂತು, ನನ್ನನ್ನು ನೆಲದ ಮೇಲಿಟ್ಟು, ಮೊಣಕಾಲಿಗೆ ಹಣೆ ಒತ್ತಿ ಅತ್ತಳು. ಬಲಗಡೆ ಹಾಗೆಯೇ ಉಳಿಯಿತು. ಕುಬಸಕ್ಕೆ ಅವಳು ಹೋಗಲೇ ಇಲ್ಲ.

ಡಾಕ್ಟರಿಗೆ ನೋಡಿದ ಕೂಡಲೇ ತಿಳಿಯಿತು. "ಎಡಗಡಿ ಇವತ್ತ ನನ್ನ ಬೆಳಕಿಗೆ ಕೆಲಸ ಇಲ್ಲ," ಎಂದಷ್ಟೇ ಹೇಳಿದರು. ಆಮೇಲೆ ಹಿಡಿಕೆಯನ್ನು ಕೆಳಗಿಟ್ಟು ಕೇಳಿದರು: "ಯಾರಿಗೆ ಅಂಜಿ ಕಿತ್ತೀ?"

ರೋಹಿಣಿ ಯೋಚಿಸಿದಳು. ಕುಬಸದ ಹೆಂಗಸರ ಹೆಸರು ಹೇಳುತ್ತಾಳೆಂದು ನಾನು ಕಾದಿದ್ದೆ. ಅವಳು ಮುಬೀನಾಳ ಕಥೆ ಹೇಳಿದಳು. ಕೈ ತಳ್ಳಿದ್ದು, ಮೊಣಕೈ ಬೆಂಚಿಗೆ ಬಡಿದದ್ದು, ಮಗು ಹೆಸರು ಹೇಳುವುದನ್ನು ಬಿಟ್ಟದ್ದು. ಡಾಕ್ಟರ್ ಏನೂ ಬುದ್ಧಿ ಹೇಳಲಿಲ್ಲ. "ಲೇಸರ್ ಮುಗಿಯೂಮಟ ಆ ಕೂಸು ಕಾಯಬೇಕೇನು?" ಎಂದು ಕೇಳಿ ಮತ್ತೆ ಹಿಡಿಕೆ ಎತ್ತಿಕೊಂಡರು.

ಅದೇ ವಾರ ಶಾಲೆಯ ಮುಖ್ಯೋಪಾಧ್ಯಾಯಿನಿ ಪ್ರಮೀಳಾ ಹೊಸಮನಿಯವರು ತರಗತಿಗೆ ಬಂದರು. ಬಾಗಿಲ ಬಳಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ರೋಹಿಣಿ ಅಕ್ಕೋರ, ಒಂದು ಮಾತು. ಅಲರ್ಜಿ ಇದ್ರ ರಜಾ ತಗೋರಿ, ಆರಾಮಾಗಿ ಬರ್ರಿ. ನಾ ಬ್ಯಾರೆ ವ್ಯವಸ್ಥಾ ಮಾಡ್ತೀನಿ. ಆದ್ರ ಬಾಯಿ ಮುಚ್ಚಿಕೊಂಡು ಈ ಕ್ಲಾಸ್ ನಡೆಯಂಗಿಲ್ರಿ. ನಿಮ್ಮ ತುಟಿ ಕಾಣ್ಲಿಲ್ಲಂದ್ರ ಈ ಹುಡುಗೂರು ಏನು ಓದಬೇಕು?"

"ನಾಳಿಂದ..." ಎಂದಳು ರೋಹಿಣಿ.

"ನಾಳಿಂದ ಏನ್ರಿ?"

ಮಕ್ಕಳೆಲ್ಲ ದೊಡ್ಡವರಿಬ್ಬರ ಮುಖ ನೋಡುತ್ತಿದ್ದರು. ಅವರಿಗೆ ಪ್ರಮೀಳಾ ಅವರ ತುಟಿ ಕಾಣುತ್ತಿತ್ತು, ಇವಳದು ಕಾಣುತ್ತಿರಲಿಲ್ಲ. ರೋಹಿಣಿಯ ಕೈ ಮೆಲ್ಲಗೆ ಕಿವಿಯ ಹತ್ತಿರ ಹೋಯಿತು. ಒಂದು ಕಿವಿಯಿಂದ ದಾರ ಬಿಡಿಸಿದಳು, ಇನ್ನೊಂದು ಕಿವಿಯಿಂದಲೂ ಬಿಡಿಸಿದಳು. ಮಾಸ್ಕ್ ಮೇಜಿನ ಮೇಲೆ ಬಿತ್ತು. ಬಲಗಡೆ ಬೋಳಿಸಿದ ನೀಲಿ, ಎಡಗಡೆ ಕಿತ್ತ ಗಾಯದ ಕೆಂಪು, ಅಲ್ಲಲ್ಲಿ ಹೊಸ ಮೊಳಕೆ. ಪ್ರಮೀಳಾ ಅವರಿಗೆ ಅರ್ಥವಾಯಿತು. "ಪಾಠಾ ಮಾಡ್ರಿ" ಎಂದು ಮೆಲುದನಿಯಲ್ಲಿ ಹೇಳಿ ಬಾಗಿಲು ಎಳೆದುಕೊಂಡು ಹೊರಟುಹೋದರು.

ರೋಹಿಣಿ ಮುಬೀನಾಳ ಮುಂದೆ ನೆಲದ ಮೇಲೆ ಕುಳಿತಳು. ಮಗುವಿನ ಕೈಗಳು ಕೂಡಲೇ ಬೆನ್ನ ಹಿಂದೆ ಹೋದವು. ರೋಹಿಣಿ ತನ್ನ ಎದೆ ಮುಟ್ಟಿ, ತಪ್ಪಾಯಿತೆಂದು ಕಿವಿ ಹಿಡಿದುಕೊಂಡಳು. ಮುಬೀನಾ ನೋಡುತ್ತ ನಿಂತಳು. ಬಹಳ ಹೊತ್ತಿನ ಮೇಲೆ ಒಂದು ಕೈ ಹೊರಗೆ ಬಂತು. ಬೆರಳು ಗದ್ದವನ್ನು ಮುಟ್ಟಿ, ಸರಕ್ಕನೆ ಹಿಂದೆ ಸರಿದು, ಮತ್ತೆ ಮುಟ್ಟಿತು. ಈ ಸಲ ಅಂಗೈಯನ್ನೇ ಇಟ್ಟು ಆಚೆ ಈಚೆ ಉಜ್ಜಿತು. ಮಗುವಿನ ಮುಖ ಅರಳಿತು. ಅವಳು ಹಿಂದಿರುಗಿ ಇಡೀ ತರಗತಿಗೆ ಕಾಣುವಂತೆ ಮೀಸೆ ತಿರುವುವ ಸನ್ನೆ ಮಾಡಿದಳು. ಅವರ ಭಾಷೆಯಲ್ಲಿ ಅದಕ್ಕೆ ಅಪ್ಪ ಎಂದರ್ಥ. ಅಕ್ಕೋರ ಗದ್ದ ನನ್ನ ಅಬ್ಬಾನ ಗದ್ದದ ಹಾಗೆಯೇ ಇದೆ!

ಮಕ್ಕಳೆಲ್ಲ ನಕ್ಕರು. ಕಿವುಡ ಮಕ್ಕಳ ನಗು ಬಲು ಜೋರು, ಅವರಿಗೆ ಅದರ ಅಳತೆ ತಿಳಿಯುವುದಿಲ್ಲ. ಹದಿಹರೆಯದಿಂದ ರೋಹಿಣಿ ಯಾವ ನಗುವಿಗೆ ಹೆದರಿ ಚಿಲಕದ ಹಿಂದೆ ಬದುಕಿದ್ದಳೋ ಅದೇ ನಗು. ನನಗೆ ಉಸಿರಿದ್ದಿದ್ದರೆ ಆಗ ನಿಲ್ಲುತ್ತಿತ್ತು. ಮಾಸ್ಕ್ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. ಹೌದು, ನಿಮ್ಮ ಅಬ್ಬಾನ ಹಾಗೆಯೇ ಎಂದು ತಲೆಯಾಡಿಸಿದಳು. ಆಮೇಲೆ ಆ ಪುಟ್ಟ ಕೈಯನ್ನು ಹಿಡಿದು ಬೆರಳನ್ನು ಮೂಗಿನ ಪಕ್ಕ, ಹೆಬ್ಬೆರಳನ್ನು ಗದ್ದದ ಕೆಳಗೆ ಕೂರಿಸಿದಳು.

"ಮ್ಮ್ಮು."

"ಪು," ಎಂದಳು ಮುಬೀನಾ.

"ಮ್ಮ್ಮ್ಮು."

"ಪು."

ಗಂಟೆ ಹೊಡೆಯುವವರೆಗೂ 'ಪು' 'ಪು' ಆಗಿಯೇ ಉಳಿಯಿತು. ಅಂದು ಯಾವ ಪವಾಡವೂ ನಡೆಯಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಮುಬೀನಾ ತಾನಾಗಿಯೇ ಬಂದು ಕೈಯಿಟ್ಟಳು. ಅದರ ಮರುದಿನವೂ ಬಂದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಒಂದು ದಿನ ಅವಳ ಮೂಗು ಗುಂಯ್ಗುಟ್ಟಿತು. ಅವಳು ಬೆಚ್ಚಿ ತನ್ನ ಮೂಗನ್ನೇ ಹಿಡಿದುಕೊಂಡಳು.

ರೋಹಿಣಿಯ ಗದ್ದದ ಕಥೆ ಹೆಚ್ಚುಕಡಿಮೆ ಡಾಕ್ಟರ್ ಹೇಳಿದಂತೆಯೇ ನಡೆಯಿತು. ಪಿಸಿಓಡಿಗೆ ಗುಳಿಗೆಗಳು, ದಿನಾ ನಡಿಗೆ, ಒಂದೂವರೆ ತಿಂಗಳಿಗೊಮ್ಮೆ ಆ ಕಿಟಕಿಯಿಲ್ಲದ ಕೋಣೆ. ಒಂದು ಸಲ ಬೇಸಿಗೆಯಲ್ಲಿ ಬಿಸಿಲಿಗೆ ತಿರುಗಿ ಚರ್ಮ ಕಪ್ಪಾಗಿ, ಡಾಕ್ಟರ್ ಬೈದು ವಾಪಸ್ಸು ಕಳಿಸಿದರು. ಒಂದು ಸಲ ಎರಡು ಕಡೆ ಸುಟ್ಟ ಕಲೆಯಾಗಿ ಹೋಗಲು ಬಹಳ ದಿನ ಹಿಡಿಯಿತು. ಆದರೂ ಕೂದಲು ತೆಳುವಾದವು, ವಿರಳವಾದವು. ಪೂರ್ತಿ ಹೋಗಲಿಲ್ಲ. ಈಗಲೂ ಒಂದೆರಡು ಬರುತ್ತವೆ. ಅವಳು ಅವನ್ನು ಎರಡು ನಿಮಿಷದಲ್ಲಿ ಬೋಳಿಸಿಕೊಂಡು ಹೊರಬರುತ್ತಾಳೆ. ಈಗ ಇಂದ್ರವ್ವನಿಗೆ ಬಾಗಿಲು ಬಡಿಯುವ ಕೆಲಸವಿಲ್ಲ.

ನನ್ನನ್ನು ಅವಳು ಶಾಲೆಯ ಮೇಜಿನ ಡ್ರಾಯರಿನಲ್ಲಿ ಹಾಕಿ ಮರೆತಳು. ಅಲ್ಲೂ ಕತ್ತಲೆಯೇ, ಆದರೆ ಪೌಡರಿನ ವಾಸನೆಯಿಲ್ಲ. ನನ್ನ ಜೊತೆ ಕಿವಿಯಂತ್ರದ ಗುಂಡಿಯಂಥ ಬ್ಯಾಟರಿಗಳು, ಸಣ್ಣ ಕುಂಚ, ಮುರಿದ ಬಳಪಗಳು ಇವೆ. ನನ್ನ ಮೊನೆಗಳು ಸವೆದಿವೆ. ಒಂದು ಸ್ವಲ್ಪ ಬಾಗಿದೆ. ಚಿನ್ನದ ಗುಂಡನ್ನು ಈಗ ನಾನು ಹಿಡಿಯಲಾರೆ, ಕೂದಲನ್ನಂತೂ ಹಿಡಿಯಲಾರೆ. ಹೊಸ ಬ್ಯಾಟರಿಯ ಮೇಲಿನ ಅಂಟುಚೀಟಿ ಎತ್ತಲು, ಯಂತ್ರದ ಕಿವಿಯೊಳಗೆ ಕೂರುವ ಅಚ್ಚಿನಲ್ಲಿ ಸಿಕ್ಕಿಕೊಂಡ ಕೊಳೆ ತೆಗೆಯಲು ಆಗೊಮ್ಮೆ ಈಗೊಮ್ಮೆ ನನ್ನನ್ನು ಹೊರಗೆ ತೆಗೆಯುತ್ತಾರೆ. ಸಿಕ್ಕಿಬಿದ್ದು ಕಳೆದ ಕಾಲವೇ ನನ್ನ ಬದುಕಿನಲ್ಲಿ ಹೆಚ್ಚು. ಆ ಕಾಲದಲ್ಲಿ ನಾನು ಒಬ್ಬಳಿಗೆ ನೋವು ಮಾತ್ರ ಕೊಟ್ಟೆನೋ, ಅಥವಾ ಅವಳು ಮನೆಯಿಂದ ಹೊರಗೆ ಕಾಲಿಡುವ ಧೈರ್ಯವೂ ದಿನಾ ನನ್ನಿಂದಲೇ ಬರುತ್ತಿತ್ತೋ, ಡ್ರಾಯರಿನಲ್ಲಿ ಮಲಗಿ ಎಷ್ಟು ಯೋಚಿಸಿದರೂ ನನಗೆ ತೀರ್ಮಾನಿಸಲು ಆಗಿಲ್ಲ.

ಮೊನ್ನೆ ಶಾಲೆಗೆ ಒಂದು ಹೊಸ ಮಗು ಬಂತು. ಅಂಗನವಾಡಿಯ ವಯಸ್ಸು. ಮೊದಲ ಸಲ ಕಿವಿಯಂತ್ರ ಹಾಕುತ್ತಿದ್ದರು. ರೋಹಿಣಿ ನನ್ನಿಂದ ಅಂಟುಚೀಟಿ ಎತ್ತಿ, ಬ್ಯಾಟರಿ ಕೂರಿಸಿ, ಯಂತ್ರವನ್ನು ಆ ಪುಟ್ಟ ಕಿವಿಗೆ ಸಿಕ್ಕಿಸಿದಳು. ಮಗುವಿನ ತಾಯಿ ಹೆಸರು ಹಿಡಿದು ಕರೆದಳು. ಚಪ್ಪಾಳೆ ತಟ್ಟಿದಳು. ಮಗು ತನ್ನ ಅಂಗಿಯ ಗುಂಡಿಯನ್ನೇ ನೋಡುತ್ತಿತ್ತು. ತಾಯಿಯ ಮುಖ ಬಾಡಿತು. ರೋಹಿಣಿ ಅವಳನ್ನು ಸಮಾಧಾನ ಮಾಡಲು ತಿರುಗಿದಾಗ ಅವಳ ಮೊಣಕೈ ತಾಗಿ ನಾನು ಮೇಜಿನಿಂದ ಜಾರಿ ಕಲ್ಲುನೆಲಕ್ಕೆ ಬಿದ್ದೆ. ಟಣ್ ಎಂದಿತು.

ಮಗು ತಲೆ ಎತ್ತಿತು. ಸುತ್ತ ನೋಡಿ, ನೆಲದ ಮೇಲೆ ನನ್ನನ್ನು ಕಂಡು, ಬಗ್ಗಿ ಎತ್ತಿಕೊಂಡಿತು. ತಾಯಿಯೂ ರೋಹಿಣಿಯೂ ಅಲುಗಾಡದೆ ನಿಂತರು. ಮಗು ನನ್ನನ್ನು ಕಣ್ಣ ಮಟ್ಟಕ್ಕೆ ಹಿಡಿದು, ತಿರುಗಿಸಿ ನೋಡಿ, ಬೇಕಂತಲೇ ಮತ್ತೆ ಬೀಳಿಸಿತು.